ಅಟ್ಟದ ಮೇಲಿನ ಪ್ರಿಂಟರ್

ಸುಲ್ತಾನ್‌ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಊರವರ ಮದುವೆಗೆಲ್ಲ ಲಗ್ನಪತ್ರಿಕೆ ಮಾಡಿಕೊಟ್ಟ ಗುರುಬಸಮ್ಮನಿಗೆ ಸ್ವಂತ ಮಗಳ ಕಾರ್ಡು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಕಾರ್ಡು ಸಿದ್ಧವಾಗಿದೆ, ಅಟ್ಟದ ಮೇಲೆ ಪ್ರಿಂಟರ್ ಹಸಿರು ದೀಪ ಉರಿಸಿಕೊಂಡು ಕೂತಿದೆ, ನಡುವೆ ಅದೇನೋ ಸರ್ವಿಸ್ ಅಂತೆ, ಅದು ನಿಂತುಹೋಗುತ್ತಿದೆ. ಎಬ್ಬಿಸಿದರೆ ಏಳುತ್ತದೆ, ಅರೆಗಳಿಗೆ ನಡೆಯುತ್ತದೆ, ಮತ್ತೆ ಮಲಗುತ್ತದೆ. ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಕಾಫಿ ತರಿಸಿ ಕುಡಿಯುತ್ತಿದ್ದಳು. ಇವತ್ತು ಎದುರಿಗೆ ಭಾವ ಕೂತಿದ್ದರು.

ಭಾವ ಎಂದರೆ ತೀರಿಹೋದ ಗಂಡನ ಅಣ್ಣ, ಚಾಮರಾಜಪೇಟೆಯ ನಾಗಭೂಷಣ್. ಬ್ಯಾಂಕಿನಿಂದ ನಿವೃತ್ತರಾಗಿದ್ದರೂ ಯಾರ ಕಾಗದ ಕಂಡರೂ ಒಂದು ಕೊಕ್ಕೆ ಹಾಕದೆ ಬಿಡುವವರಲ್ಲ. ಮಗಳು ಶರಣ್ಯಳಿಗೆ ಇದು ಎರಡನೇ ಮದುವೆ. ಮೊದಲ ಗಂಡ ಅಪಘಾತದಲ್ಲಿ ಹೋದ ಮೇಲೆ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತವಳು ನಾಲ್ಕು ವರ್ಷ ತಲೆ ಎತ್ತಿರಲಿಲ್ಲ. ಈಗ ಮಲ್ಲೇಶ್ವರದ ಕಾಲೇಜೊಂದರಲ್ಲಿ ಪಾಠ ಹೇಳುವ ಹುಡುಗ ತಾನಾಗಿ ಕೇಳಿಕೊಂಡು ಬಂದಿದ್ದ. ಭಾವ ಮೀನಮೇಷ ಎಣಿಸಿ ಎಣಿಸಿ, ಕಡೆಗೆ ಮನೆಯ ಹಿರಿಯರಾಗಿ ಕಾರ್ಡಿನಲ್ಲಿ ಆಹ್ವಾನಿಸುವವರ ಜಾಗದಲ್ಲಿ ಹೆಸರು ಹಾಕಲು ಒಪ್ಪಿದ್ದರು. ಆದರೆ ಮೊದಲ ಪ್ರತಿಯನ್ನು ತಾವೇ ಕಣ್ಣಾರೆ ನೋಡಿ ಹ್ಞೂಂ ಎಂದ ಮೇಲೆ ಮಿಕ್ಕಿದ್ದು ಅಚ್ಚಾಗಬೇಕು ಎಂದಿದ್ದರು. ಅವರು ಹ್ಞೂಂ ಎನ್ನದಿದ್ದರೆ ಗಂಡನ ಕಡೆಯ ಒಂದು ಮನೆಯವರೂ ಮದುವೆಗೆ ಬರುವುದಿಲ್ಲ. ಛತ್ರದಲ್ಲಿ ಹುಡುಗಿ ಕಡೆಯ ಕುರ್ಚಿಗಳು ಖಾಲಿ ಹೊಡೆದರೆ ಮಗಳ ಮುಖ ಏನಾದೀತು ಎಂಬುದೇ ಗುರುಬಸಮ್ಮನ ಸಂಕಟ.

"ಮತ್ತೆ ನಿಂತ್ಹೋಯ್ತಲ್ಲಮ್ಮ," ಎಂದರು ಭಾವ. "ನಾನೇನೂ ಹೇಳಲ್ಲ. ನೋಡ್ತಾ ಇದೀನಿ ಅಷ್ಟೆ."

ನಾನೇನೂ ಹೇಳಲ್ಲ ಅಂತ ಹೇಳುವುದರಲ್ಲೇ ಅವರು ಹೇಳಬೇಕಾದ್ದೆಲ್ಲ ಇತ್ತು. ಶಕುನ ಸರಿಯಿಲ್ಲ ಎನ್ನಲು ಒಂದು ನೆವ ಸಿಕ್ಕರೆ ಸಾಕು, ಮನುಷ್ಯ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾರೆ ಎಂದು ಗುರುಬಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

"ಶಕುನ ಗಿಕುನ ಏನಿಲ್ಲ ದೊಡ್ಡಪ್ಪ, ಸ್ಪೂಲರ್ ಕೈ ಕೊಡ್ತಿದೆ," ಎಂದಳು ಶರಣ್ಯ, ಪರದೆಯಿಂದ ಕಣ್ಣು ತೆಗೆಯದೆ. ಅಚ್ಚಿಗೆ ಕಳಿಸಿದ್ದನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೊಂದಾಗಿ ಪ್ರಿಂಟರಿಗೆ ದಾಟಿಸುವುದು ಈ ಸ್ಪೂಲರಿನ ಕೆಲಸ. ಅವಳು ಸಾಲಿನಲ್ಲಿದ್ದದ್ದನ್ನೆಲ್ಲ ಅಳಿಸಿ ನೋಡಿದಳು. ವೈರು ಬದಲಾಯಿಸಿ ನೋಡಿದಳು. ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು. ಏನು ಮಾಡಿದರೂ ಅದೇ ಹಾಡು. ಕೊನೆಗೆ ಈ ಬೀದಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಮುರುಗೇಶನಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟಳು.

"ಮೊನ್ನೆ ಅಪ್‌ಡೇಟ್ ಆಗಿದ್ಯಲ್ಲ ಅಕ್ಕ, ಅದಕ್ಕೂ ಪ್ರಿಂಟರ್ ನಡೆಸೋ ಹಳೇ ಡ್ರೈವರಿಗೂ ಆಗ್ಬರ್ತಿಲ್ಲ," ಎಂದ ಮುರುಗೇಶ. "ಸ್ಪೂಲರ್ ಏಳುವಾಗ ಲಿಸ್ಟಲ್ಲಿರೋ ಪ್ರಿಂಟರನ್ನೆಲ್ಲ ಒಂದ್ಸಲ ಮಾತಾಡ್ಸತ್ತೆ. ಒಂದು ಎಡವಿದ್ರೂ ಎಲ್ಲಾ ಬಿದ್ದೋಗತ್ತೆ. 'ಉಳಿದದ್ದು' ಅಂತ ಇದ್ಯಲ್ಲ, ಅದನ್ನ ತೆಗೆದ್ಬಿಡಿ."

ಇಲ್ಲಿ ಗುರುಬಸಮ್ಮನ ಕಿವಿ ನೆಟ್ಟಗಾಯಿತು. ಆ ಅಂಗಡಿಯಲ್ಲಿ ಕಂಪ್ಯೂಟರ್ ಕೆಳಗೆ, ಪ್ರಿಂಟರುಗಳು ಅಟ್ಟದ ಮೇಲೆ. ದೊಡ್ಡದರ ಹೆಸರು 'ಮಂಗಳ'. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲ ಅದರಲ್ಲಿ. ಶಿವಗಣಾರಾಧನೆ, ವೈಕುಂಠ ಸಮಾರಾಧನೆಯಂಥ ಸಾವಿನ ಕಾರ್ಡುಗಳಿಗೆ ಮೂಲೆಯಲ್ಲೊಂದು ಚಿಕ್ಕ ಮಷೀನು, ಅದರ ಹೆಸರು 'ಉಳಿದದ್ದು'. ಒಂದರ ಕೆಲಸ ಇನ್ನೊಂದರಲ್ಲಿ ಆಗಕೂಡದು ಎಂಬುದು ಅವಳೇ ಮಾಡಿದ ಕಟ್ಟಳೆ. ಲಿಂಗ ಕಟ್ಟಿದ ನಮ್ಮವರಿಗೆ ಸೂತಕವಿಲ್ಲ ಎಂದು ಮಠದ ಸಭೆಯಲ್ಲಿ ತಲೆದೂಗಿ ಬರುತ್ತಿದ್ದವಳೇ ಅಂಗಡಿಯಲ್ಲಿ ಈ ಮಡಿ ನಡೆಸುತ್ತಿದ್ದಳು. ಯಾಕೆ ಎಂದು ಕೇಳಿದರೆ ಗಿರಾಕಿಗಳಿಗೋಸ್ಕರ ಎನ್ನುತ್ತಿದ್ದಳು.

"ಅದನ್ಯಾಕಪ್ಪ ತೆಗೀಬೇಕು?" ಎಂದಳು ಫೋನಿಗೆ ಬಾಗಿ. "ಅದು ಚಿಕ್ಕ ಮಷೀನು. ಅದರ ಪಾಡಿಗೆ ಅದು ಮೂಲೇಲಿದೆ. ದೊಡ್ಡದು ಕೆಟ್ರೆ ಅದೇನು ಮಾಡ್ತು?"

ಮುರುಗೇಶ ಕೆಮ್ಮಿದ. "ಶರಣ್ಯಕ್ಕ, ನೀವೇ ಹೇಳ್ಬಿಡಿ. ನಾನು ಆಮೇಲೆ ಮಾಡ್ತೀನಿ," ಎಂದು ಫೋನಿಟ್ಟೇಬಿಟ್ಟ.

"ಏನೇ ಅದು?"

ಶರಣ್ಯ ಕುರ್ಚಿ ತಿರುಗಿಸಿ ಕೂತಳು. "ಚಿಕ್ಕ ಮಷೀನು ಕೆಟ್ಟು ಎರಡು ವರ್ಷ ಆಯ್ತಮ್ಮ."

"ಮತ್ತೆ ಕಾರ್ಡೆಲ್ಲ?"

"ದೊಡ್ಡದ್ರಲ್ಲೇ. ಕಂಪ್ಯೂಟರಲ್ಲಿ ಹೆಸರು ಎರಡು, ಮೇಲೆ ಮಷೀನು ಒಂದೇ. ಹಳೇ ಹೆಸರು ಕಾಣಿಸ್ತಿದ್ರೆ ನಿನಗೆ ಸಮಾಧಾನ ಅಂತ ಮುರುಗೇಶನ ಕೈಲಿ ಹಾಗೆ ಹಾಕ್ಸಿದ್ದೆ. ಸಾವಿನ ಮನೆಯವರು ನಾಳೆಗೇ ಬೇಕು ಅಂತ ಬಂದು ನಿಂತ್ಕೋತಾರೆ. ಮಷೀನಿಲ್ಲ ಹೋಗಿ ಅಂತ ಹೆಂಗಮ್ಮ ಹೇಳ್ಲಿ? ನಾನೂ ಒಂದ್ಸಲ ಹಾಗೆ ನಿಂತಿದ್ದೆ."

ಗುರುಬಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮಂಡಿ ನೋವು ಹಿಡಿದ ಮೇಲೆ ಅವಳು ಅಟ್ಟದ ಏಣಿ ಹತ್ತಿರಲಿಲ್ಲ. ಮೇಲಿಂದ ಇಳಿದು ಬಂದದ್ದನ್ನು ನಂಬಿ, ಕಟ್ಟು ಕಟ್ಟಿ, ಒಳ್ಳೇದಾಗಲಿ ಎಂದು ಹೇಳಿ ಕೊಟ್ಟು ಕಳಿಸಿದ್ದಳು. ಹೆತ್ತ ಮಗಳೇ ಕಣ್ಣಿಗೆ ಮಣ್ಣೆರಚಿದಳಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಭಾವ ಎದ್ದು ನಿಂತಿದ್ದರು.

"ಸಾವಿನ ಕಾರ್ಡು ಬರೋ ಮಷೀನಲ್ಲಿ ನಮ್ಮನೆ ಲಗ್ನಪತ್ರಿಕೆನಾ? ಅದಕ್ಕೇ ಅದು ನಿಂತ್ಕೋತಿರೋದು. ನೋಡು ಗುರುಬಸಮ್ಮ, ನನ್ನ ಹೆಸರು ಅಂಥದ್ರಲ್ಲಿ ಬರೋದು ಬೇಡ."

ಬೈಯಲು ತೆರೆದ ಬಾಯಿ ಹಾಗೆಯೇ ನಿಂತಿತು. ಎರಡು ವರ್ಷದಿಂದೀಚೆಗೆ ಯಾರ ಯಾರ ಮದುವೆಯಾಯಿತು ಎಂದು ಅವಳ ತಲೆ ತನ್ನಷ್ಟಕ್ಕೆ ಹುಡುಕತೊಡಗಿತ್ತು. ಹೂವಿನ ಅಂಗಡಿ ಓಬಳಪ್ಪನ ಮಗಳದು. ಆ ಹುಡುಗಿಗೆ ಅವಳಿ ಮಕ್ಕಳಾಗಿ ಗುಂಡುಕಲ್ಲಿನ ಹಾಗಿವೆ. ಆಮೇಲೆ ಇನ್ನೊಂದು ನೆನಪಾಯಿತು.

"ನಿಮ್ಮ ಬಸವಪ್ರಭು ಲಗ್ನಪತ್ರಿಕೆನೂ ಅದ್ರಲ್ಲೇ ಆಗಿದ್ದು ಭಾವ," ಎಂದಳು. "ನಿಮ್ಮ ಮಗನ ಮದುವೆ ಚೆನ್ನಾಗೇ ಆಯ್ತು. ಸೊಸೆ ಬಸುರಿ. ಸೀಮಂತಕ್ಕೆ ಕಾರ್ಡು ಬೇಕು ಅಂತ ಬಂದ ತಕ್ಷಣ ನೀವೇ ಅಂದ್ರಿ."

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದು ಜಾಸ್ತಿಯೇ ಆಯಿತು.

"ಅದು ಬೇರೆ. ಮಷೀನಿನ ಮಾತು ಬಿಡು. ಹುಡುಗಿ ವಿಷಯ ಬೇರೆ."

ಅಲ್ಲಿಗೆ ಗುರುಬಸಮ್ಮನ ಕೋಪ ಮಗಳನ್ನು ಬಿಟ್ಟು ಬೇರೆ ಕಡೆ ತಿರುಗಿತು. ಒಂದು ಮಂಗಳದ ಕಡೆಗೆ, ಇನ್ನೊಂದು ಉಳಿದದ್ದರ ಕಡೆಗೆ, ಎರಡು ಮುಟ್ಟಬಾರದು. ಭಾವ ಹುಡುಗಿಯ ಬಗ್ಗೆ ಹೇಳುತ್ತಿದ್ದದ್ದನ್ನೇ ತಾನು ಅಟ್ಟದ ಮೇಲೆ ಕಟ್ಟಳೆ ಮಾಡಿಟ್ಟಿದ್ದಳು. ಕಾರ್ಡು ಆರಿಸಲು ಮದುಮಗಳ ಕಡೆಯವರು ಬಂದಾಗ ಮೇಲೆ ಹೋಗಿ ಕೂತಿರಮ್ಮ ಎಂದು ಶರಣ್ಯಳನ್ನು ಕಳಿಸುತ್ತಿದ್ದವಳೂ ತಾನೇ. ಮಗಳು ಒಂದು ಸಲವೂ ಯಾಕೆ ಎಂದು ಕೇಳಿರಲಿಲ್ಲ. ಗುರುಬಸಮ್ಮನಿಗೆ ನಾಚಿಕೆಯಾಯಿತು.

"ತೆಗಿಯೇ ಅದನ್ನ," ಎಂದಳು.

"ಯಾವುದು?"

"ಉಳಿದದ್ದು."

ಶರಣ್ಯ ಒತ್ತಿದಳು. ನಿಜವಾಗಿಯೂ ತೆಗೆಯಬೇಕೆ ಎಂದು ಕಂಪ್ಯೂಟರ್ ಕೇಳಿತು, ಹೌದು ಎಂದಳು. ಅದರ ಹಳೆಯ ಡ್ರೈವರನ್ನೂ ಕಿತ್ತು ಹಾಕಿ ಸರ್ವಿಸನ್ನು ಮತ್ತೆ ಚಾಲೂ ಮಾಡಿದಳು. ಮೂವರೂ ಪರದೆ ನೋಡುತ್ತಾ ಕಾದರು. ಹೊರಗೆ ಗಾಡಿಯವನೊಬ್ಬ ಹಾರ್ನ್ ಮಾಡಿ ಮಾಡಿ ಸುಸ್ತಾಗಿ ಮುಂದೆ ಹೋದ. ಸರ್ವಿಸ್ ಮಾತ್ರ ನಿಲ್ಲಲಿಲ್ಲ.

"ಕಳಿಸ್ಲಾಮ್ಮ?"

"ತಡಿ. ಆಹ್ವಾನಿಸುವವರು ಅಂತ ಇದ್ಯಲ್ಲ, ಅಲ್ಲಿ ದೊಡ್ಡಪ್ಪನ ಹೆಸರು ಬೇಡ. ಅವರಿಗೆ ಇಷ್ಟ ಇಲ್ಲ, ಬಲವಂತ ಮಾಡೋದು ಚೆನ್ನಾಗಿರಲ್ಲ. ನನ್ನ ಹೆಸರು ಹಾಕು."

ಕೀಲಿಗಳ ಮೇಲೆ ಶರಣ್ಯಳ ಬೆರಳುಗಳು ನಿಂತವು. ಗಂಡನಿಲ್ಲದ ಹೆಂಗಸರು ಮಕ್ಕಳ ಕಾರ್ಡು ಮಾಡಿಸಲು ಬಂದರೆ, ಮೇಲೆ ಭಾವಂದೋ ಮೈದುನಂದೋ ಹೆಸರು ಹಾಕ್ಸಿಬಿಡಿ ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದವಳು ಈ ಅಮ್ಮನೇ, ಇದೇ ಗಲ್ಲಾದಲ್ಲಿ ಕೂತು.

"ಬರೀ ನಿನ್ ಹೆಸರಾ?"

"ಇನ್ಯಾರ್ದು? ಹೆತ್ತವಳು ನಾನು, ಕರೆಯೋಳೂ ನಾನೇ. ಬಂದೋರು ಬರಲಿ, ಬರದವರ ಕುರ್ಚಿ ಛತ್ರದವನು ಒಳಗಿಟ್ಕೋತಾನೆ. ಹಾಕು."

ಅಟ್ಟದ ಮೇಲೆ ಪ್ರಿಂಟರ್ ಸದ್ದು ಮಾಡಿತು. ಶರಣ್ಯ ಏಣಿ ಹತ್ತಿ ಹೋಗಿ, ಕಾರ್ಡನ್ನು ಸೆರಗಿಗೆ ಒತ್ತಿಕೊಂಡು ಇಳಿದಳು, ಕಣ್ಣು ಒದ್ದೆಯಾಗಿತ್ತು. ಗುರುಬಸಮ್ಮ ಅದನ್ನು ಇಸಿದುಕೊಂಡು, ಮಂಡಿ ಹಿಡಿದು ಎದ್ದು, ಗಲ್ಲಾ ಬಳಸಿಕೊಂಡು ಭಾವನ ಎದುರಿಗೆ ಬಂದಳು. ಎರಡೂ ಕೈಯಲ್ಲಿ ಕಾರ್ಡು ಹಿಡಿದಳು.

"ನಮ್ಮ ಶರಣ್ಯನ ಮದುವೆ ಭಾವ. ಅಕ್ಕನ್ನ ಕರ್ಕೊಂಡು ತಪ್ಪದೆ ಬನ್ನಿ."

ಕೊಡುವ ಜಾಗದಲ್ಲಿ ನಿಲ್ಲಬೇಕಿದ್ದ ಮನುಷ್ಯ ಈಗ ಕರೆಸಿಕೊಳ್ಳುವವರ ಜಾಗದಲ್ಲಿ ನಿಂತಿದ್ದರು. ಕೈ ಚಾಚಿ ಕಾರ್ಡು ತೆಗೆದುಕೊಂಡು, ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಕೊಕ್ಕೆ ಹಾಕಲಿಲ್ಲ.

"ಮುಹೂರ್ತ ಎಷ್ಟೊತ್ತಿಗಮ್ಮ?" ಎಂದು ಕೇಳಿದರು, ಕಾರ್ಡಿನಲ್ಲಿ ದಪ್ಪಗೆ ಬರೆದಿದ್ದರೂ.