ಚಂದಪ್ಪನನ್ನು ಒಯ್ದ ದಾರಿ

"ಅಷ್ಟು ಬಿಗಿ ಕಟ್ಟಬ್ಯಾಡ, ನೋವಾಕ್ಕೈತಿ ಅವರಿಗೆ," ಎಂದಳು ದುರ್ಗವ್ವ. ಅಂದಮೇಲೆ ತಾನೇ ಬಾಯಿಗೆ ಸೆರಗು ಒತ್ತಿಕೊಂಡಳು.

ಮಗಳು ಚೇತನಾ ಅಪ್ಪನ ಗದ್ದದ ಕೆಳಗಿನ ಬಿಳಿ ಪಟ್ಟಿಯನ್ನು ಬಿಚ್ಚಿ, ಸಡಿಲ ಮಾಡಿ, ಮತ್ತೆ ಗಂಟು ಹಾಕಿದಳು. ಚಂದಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ, ಕಾಲು ಮಡಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ. ನಲವತ್ತು ವರ್ಷ ಮಗ್ಗದ ಮುಂದೆ ಕೂತು ಸೀರೆ ನೇಯ್ದ ಮನುಷ್ಯ. ಕೂತದ್ದು ಅವನಿಗೆ ಹೊಸದೇನೂ ಆಗಿರಲಿಲ್ಲ. ಎದುರಿಗೆ ನಾಲ್ಕು ಮಂದಿ ತಾಳ ಹಿಡಿದು ಭಜನೆ ಹಾಡುತ್ತಿದ್ದರು. ಅಂಗಳದಲ್ಲಿ ಬಾಳೆಕಂಬ ಕಟ್ಟಿ, ಹೆಣ ಕೂಡಿಸಿ ಒಯ್ಯುವ ವಿಮಾನ ಸಿದ್ಧ ಮಾಡುತ್ತಿದ್ದರು.

ಹುಚ್ಚೇಶ ಚಪ್ಪಲಿ ಕಳೆದು ಒಳಗೆ ಬಂದ. ಫೌಜಿನಿಂದ ನಿವೃತ್ತನಾಗಿ ಬಂದವನು, ಇಳಕಲ್ಲಿನ ಮಾಜಿ ಸೈನಿಕರನ್ನೆಲ್ಲ ಕೂಡಿಸುವವನು. ಗಡಿಯಲ್ಲಿ ತೀರಿಹೋದ ಚಂದಪ್ಪನ ಮಗ ಶಿವಪುತ್ರನ ಮೂರ್ತಿಯನ್ನು ಸರ್ಕಲ್ಲಿನಲ್ಲಿ ನಿಲ್ಲಿಸಲು ಮನೆಮನೆ ತಿರುಗಿದವನು ಅವನೇ.

"ಅವ್ವಾರ, ಹನ್ನೊಂದಕ್ಕ ಸರಿಯಾಗಿ ಸರ್ಕಲ್‌ನಾಗ ಇರಬೇಕ್ರಿ. ಎಮ್ಮೆಲ್ಲೆ ಸಾಹೇಬ್ರು ಹುನಗುಂದ ಬಿಟ್ಟಾರ. ಶಿವಪುತ್ರನ ಮೂರ್ತಿ ಮುಂದ ಹತ್ತು ನಿಮಿಷ ವಿಮಾನ ಇಳಸೂದು. ಅಪ್ಪನ ಕೊಳ್ಳಿಗೊಂದು ಮಾಲಿ, ಮಗನ ಕೊಳ್ಳಿಗೊಂದು ಮಾಲಿ. ಟಿವ್ಯಾವ್ರಿಗೂ ಹೇಳೇನಿ."

ಮಗ್ಗುಲ ಮನೆಯ ಸಕ್ರವ್ವ ಮೂಲೆಯಿಂದಲೇ ಕುಟುಕಿದಳು. "ಅಲ್ಲೋ ಹುಚ್ಚೇಶ, ಜೀಂವ ಇದ್ದಾಗ ಕಡೀ ಕಡೀಗೆ ಮುದುಕ ಎಷ್ಟ ಕರದ್ರೂ ಬರಲಿಲ್ಲ ಟಿವ್ಯಾವ್ರು. ಈಗ ನೀ ಕರದ್ರ ಬರ್ತಾರ?"

"ಅವಾಗ ಅಂವ ಮಾತಾಡ್ತಿದ್ದ, ಚಿಗವ್ವ. ಈಗ ನಾವ್ ಮಾತಾಡ್ತೇವಿ."

ಅವನ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಕಣ್ಣೂ ಒದ್ದೆಯಾಗಿತ್ತು. ದುರ್ಗವ್ವ ಗಂಡನ ಹಣೆಯ ವಿಭೂತಿ ಸರಿಮಾಡಿದಳು. ಹೇಳಬೇಕಾದ ಮಾತೊಂದನ್ನು ಮೊನ್ನೆ ರಾತ್ರಿಯಿಂದ ಆಕೆ ಒಳಗೇ ಇಟ್ಟುಕೊಂಡಿದ್ದಳು.

*

ಶಿವಪುತ್ರ ಹೋದ ನಾಲ್ಕನೆಯ ತಿಂಗಳಿಂದ ಚಂದಪ್ಪ ನಿಲ್ಲತೊಡಗಿದ್ದ. ಮಗ ಹೋದದ್ದು ಒಂಬತ್ತನೆಯ ತಾರೀಕು. ಪ್ರತಿ ತಿಂಗಳು ಒಂಬತ್ತಕ್ಕೆ ಮಗ್ಗ ನಿಲ್ಲಿಸಿ, ಸೀರೆಯ ಡಬ್ಬಿಯ ರಟ್ಟಿನ ಮೇಲೆ 'ಯುದ್ಧ ಬ್ಯಾಡ. ಅತ್ಲಾಗ ಸಾಯಾಂವನೂ ಯಾರದರೆ ಮಗಾನ' ಎಂದು ಬರೆದು, ಮೂರ್ತಿಗೆ ಬೆನ್ನು ಮಾಡಿ ಸರ್ಕಲ್ಲಿನಲ್ಲಿ ನಿಲ್ಲುವುದು.

ಮೊದಲ ವರ್ಷ ಟಿವಿ ಗಾಡಿಗಳು ಬಂದವು. ಬಾಗಲಕೋಟೆಯ ಕಾಲೇಜು ಹುಡುಗರು ಜೊತೆಗೆ ನಿಂತರು. ಧಾರವಾಡಕ್ಕೆ ಕರೆದು ಶಾಲು ಹೊದಿಸಿದರು. ಬೈದವರೂ ಕಡಿಮೆಯಿರಲಿಲ್ಲ; ಮನೆಯ ಬಾಗಿಲಿಗೆ ಸೆಗಣಿ ಎಸೆದು ಹೋದರು. ಎರಡನೆಯ ವರ್ಷಕ್ಕೆ ಹುಡುಗರಿಗೆ ಪರೀಕ್ಷೆ ಬಂತು. ಹುನಗುಂದದ ಮೆಹರುನ್ನಿಸಾ ಒಬ್ಬಳು ಒಂದಿಷ್ಟು ತಿಂಗಳು ಬಂದು ನಿಂತಳು. ಆಕೆಯ ಮಗ ಬಿಲಾಲನೂ ಫೌಜಿನಲ್ಲೇ ತೀರಿಹೋಗಿದ್ದ. ಆಮೇಲೆ ಆಕೆಯೂ ಬರಲಿಲ್ಲ.

ಚಂದಪ್ಪ ಚೀಟಿ ಅಚ್ಚು ಹಾಕಿಸಿ ಬಾದಾಮಿಯ ಬಸ್ಸುಗಳಲ್ಲಿ, ಕುಳಗೇರಿ ಕ್ರಾಸಿನ ಅಂಗಡಿಗಳಲ್ಲಿ ಹಂಚಿದ. ಒಮ್ಮೆ ಅಲ್ಲೇ ಮಿರ್ಚಿ ಕೊಂಡರೆ ತನ್ನದೇ ಚೀಟಿಯಲ್ಲಿ ಕಟ್ಟಿ ಕೊಟ್ಟರಂತೆ. "ಎಣ್ಣಿ ಹತ್ತಿ ಅಕ್ಷರ ಭಾಳ ಚಂದ ಕಾಣತಿದ್ದೂವು ನೋಡು," ಎಂದು ಮನೆಗೆ ಬಂದು ನಕ್ಕಿದ್ದ.

ಹೋದ ವರ್ಷ ಗಡಿಯಲ್ಲಿ ಮತ್ತೆ ಗುಂಡು ಹಾರಿದ ವಾರ, ಊರೆಲ್ಲ ಪಟಾಕಿ ಹಾರಿಸುತ್ತಿದ್ದಾಗ, ದುರ್ಗವ್ವ ಅವನ ಕಾಲು ಹಿಡಿದು ಬೇಡಿಕೊಂಡಿದ್ದಳು. "ಇವತ್ತೊಂದಿನ ಹೋಗಬ್ಯಾಡ್ರಿ, ಹೊಡೀತಾರ." ಅವನು ಹೋದ. ಸಂಜೆ ರಟ್ಟಿನೊಂದಿಗೆ ಹಾಗೇ ತಿರುಗಿ ಬಂದ. ಮೈಮೇಲೆ ಒಂದು ಗೀರೂ ಇರಲಿಲ್ಲ.

"ಹೊಡೀಲಿಲ್ಲೇನು?"

"ಬೈಯಲೂ ಇಲ್ಲ. ಬೈತಾರೇನಂತ ಕತ್ತಲಾಗೂತನಕ ನಿಂತೆ, ದುರಗಿ."

ಅವನ ಮುಖ ಅಷ್ಟು ಇಳಿದದ್ದನ್ನು ಮಗ ಹೋದ ದಿನವೂ ಆಕೆ ಕಂಡಿರಲಿಲ್ಲ. ಆದರೂ ಆಕೆ ಒಂದು ದಿನವೂ ಅವನ ಪಕ್ಕಕ್ಕೆ ಹೋಗಿ ನಿಲ್ಲಲಿಲ್ಲ. ಆಕೆ ಹೋಗುತ್ತಿದ್ದುದು ಸೋಮವಾರಕ್ಕೊಮ್ಮೆ, ಮೂರ್ತಿಯ ಮುಖ ತೊಳೆಯಲಿಕ್ಕೆ. ಶಿಲ್ಪಿ ಶಿವಪುತ್ರನಿಗೆ ಇಲ್ಲದ ಮೀಸೆ ಇಟ್ಟಿದ್ದ. ಊರೆಲ್ಲ ನಗುತ್ತಿತ್ತು. ಆಕೆ ಮಾತ್ರ, ಬದುಕಿದ್ದರೆ ಈಗ ಹೀಗೇ ಕಾಣುತ್ತಿದ್ದ ಎಂದುಕೊಂಡು ಮೀಸೆಯ ಸಂದಿನ ಧೂಳನ್ನು ಬೆರಳಿನಿಂದ ತೆಗೆಯುತ್ತಿದ್ದಳು. ವೀರನ ತಾಯಿ ಅಂದರೆ ಆಕೆಗೆ ಹೊಟ್ಟೆ ತಂಪಾಗುತ್ತಿತ್ತು. ಅದನ್ನೂ ಬಿಟ್ಟುಕೊಟ್ಟರೆ ಉಳಿಯುವುದೇನು?

*

ಮೆಹರುನ್ನಿಸಾ ಹುನಗುಂದದ ಬಸ್ಸಿಳಿದು ಬಂದಾಗ ಹತ್ತೂವರೆ. ಹಿರಿಯ ಮಗ ಶಾಹಿದ ಹೊರಗೆ ಗಂಡಸರ ಜೊತೆ ನಿಂತ. ಆಕೆ ದುರ್ಗವ್ವನ ಪಕ್ಕಕ್ಕೆ ಬಂದು ಕೂತು, ಕೈಹಿಡಿದಳು.

"ನಾ ಬರೂದ ಬಿಟ್ಟಿದ್ದಕ್ಕ ಅಣ್ಣಾರಿಗೆ ಸಿಟ್ಟಿತ್ತೇನ್ರಿ ಅಕ್ಕಾರ? ಶಾಹಿದ ಅಂದಿದ್ದ, ನೀ ಹಿಂಗ ನಿಂತ್ರ ಮಂದಿ ಬ್ಯಾರೇನ ತಿಳಕೊಂತಾರ ಅಂತ. ಹೆದರಿದೆ."

"ಸಿಟ್ಟ ಇಲ್ಲವ್ವಾ. 'ಆಕಿ ನನ್ನ ಜೋಡಿ ನಿಂತಿದ್ಲು' ಅಂತಿದ್ರು. ತಿಂಗಳ ತಿಂಗಳಾ ಅಂತಿದ್ರು."

ಹೇಳುತ್ತಿದ್ದಂತೆ ದುರ್ಗವ್ವನಿಗೆ ತನ್ನ ಮಾತೇ ತನಗೆ ಚುಚ್ಚಿತು. ತನ್ನ ಹೆಸರು ಹಿಡಿದು ಅವನು ಯಾರಿಗೂ ಹಾಗೆ ಹೇಳುವಂತಿರಲಿಲ್ಲ.

ಮೊನ್ನೆ ರಾತ್ರಿ ಬಾಗಲಕೋಟೆಯ ದವಾಖಾನೆಯಲ್ಲಿ, ಮೂಗಿನ ನಳಿಕೆ ಸರಿಸಿ, ಅವನು ಕೇಳಿದ್ದು ಒಂದೇ. "ನನ್ನ ಆ ಸರ್ಕಲ್ ಮ್ಯಾಲ ಒಯ್ಯಾಕ ಬಿಡಬ್ಯಾಡ, ದುರಗಿ. ಮಗನ ಜೋಡಿ ನನಗೂ ಮಾಲಿ ಹಾಕಿ ಘೋಷಣಾ ಕೂಗ್ತಾರ. ಓಣ್ಯಾಗ ಹಾದು ಒಯ್ಯಾಕ ಹೇಳು." ಆಕೆ ಹೂಂ ಅನ್ನಲಿಲ್ಲ. ಹೊದಿಕೆ ಸರಿಮಾಡಿದಳು. ಬೆಳಗಾಗುವಷ್ಟರಲ್ಲಿ ಅವನಿರಲಿಲ್ಲ. ಆ ಮಾತು ಆಕೆಯೊಬ್ಬಳಿಗೇ ಗೊತ್ತು. ಹೇಳದಿದ್ದರೆ ಕೇಳುವವರಿಲ್ಲ.

*

ವಿಮಾನ ಎದ್ದಿತು. ಹೆಂಗಸರು ಓಣಿಯ ತುದಿಯವರೆಗೆ ಬಂದು ನಿಂತು ಹಿಂದಿರುಗುವುದು ವಾಡಿಕೆ. ಅಲ್ಲಿ ದಾರಿ ಒಡೆಯುತ್ತದೆ. ಬಲಕ್ಕೆ ಡಾಂಬರು ರಸ್ತೆ, ಸರ್ಕಲ್ಲು. ಎಡಕ್ಕೆ ಮಗ್ಗದ ಮನೆಗಳ ನಡುವೆ ಹಾದು ರುದ್ರಭೂಮಿಗೆ ಹೋಗುವ ಸಣ್ಣ ಓಣಿ. ಹೊತ್ತವರು ಬಲಕ್ಕೆ ಹೊರಳಿದರು. ದೂರದಲ್ಲಿ ಬಿಳಿಯ ಕಾರುಗಳೂ, ಶಿವಪುತ್ರನ ತಲೆಯೂ ಕಂಡವು. ದುರ್ಗವ್ವನ ಕಾಲುಗಳು ತಾವಾಗಿಯೇ ಅತ್ತ ಎಳೆದವು. ಒಮ್ಮೆ, ಇಬ್ಬರನ್ನೂ ಎದುರುಬದುರು ನೋಡಿಬಿಡಲೇ?

ನಾಲ್ಕು ಹೆಜ್ಜೆ ಹಾಕಿದಳು. ಐದನೆಯದಕ್ಕೆ ಮೆಹರುನ್ನಿಸಾಳ ಕೈ ಕೊಸರಿ, ಹೊತ್ತವರನ್ನು ದಾಟಿ ಮುಂದೆ ಬಂದು ನಿಂತಳು.

"ಎಡಕ್ಕ ಒಯ್ಯಿರಿ."

"ಏನ್ರಿ ಅವ್ವಾರ?" ಹುಚ್ಚೇಶ ಓಡಿ ಬಂದ.

"ಸರ್ಕಲ್ ಬ್ಯಾಡಂದಾರ ಅವರು. ನನಗ ಹೇಳಿ ಸತ್ತಾರ."

"ಸಾಹೇಬ್ರು ಬಿಸಲಾಗ ನಿಂತಾರ್ರಿ!"

"ನಿಂದರ್ಲಿ. ಇವರು ಏಳ ವರ್ಷ ನಿಂತ್ರು."

"ಖರೆ ಹೇಳ್ರಿ, ನಿಮಗರೆ ಮನಸಿಲ್ಲೇನು? ಶಿವಪುತ್ರ ನಿಮ್ಮ ಮಗಾರಿ..."

"ಮನಸೈತಿ," ಎಂದಳು ದುರ್ಗವ್ವ. "ಅದಕ್ಕ ಇಲ್ಲೇ ಕುಂಡ್ರತೇನಿ. ಇಲ್ಲಾಂದ್ರ ನಾನೂ ಅತ್ಲಾಗ ಬರ್ತೇನಿ."

ಸರ್ಕಲ್ಲಿನ ಕಡೆ ಮುಖಮಾಡಿ ನಡುರಸ್ತೆಯಲ್ಲಿ ಕೂತಳು. ಡಾಂಬರಿನ ಕಾವು ಸೀರೆ ದಾಟಿ ಹತ್ತಿತು. ಚೇತನಾ ರಟ್ಟೆ ಹಿಡಿದು ಎಬ್ಬಿಸಲು ನೋಡಿ, ಆಗದೆ, ಕೈಬಿಟ್ಟಳು. ಹೊತ್ತವರು ಹೆಗಲು ಬದಲಿಸಿದರು. ಆಮೇಲೆ ಯಾರೋ ಹಿರಿಯರು, "ಹೊರಳಸ್ರೋ" ಎಂದರು. ಭಜನೆ ಆಕೆಯ ಬೆನ್ನ ಹಿಂದೆ ಓಣಿಯೊಳಕ್ಕೆ ಹೊರಳಿ ಸಣ್ಣದಾಗುತ್ತ ಹೋಯಿತು. ಆಕೆ ತಿರುಗಿ ನೋಡಲಿಲ್ಲ.

ಸರ್ಕಲ್ಲಿನ ಕಡೆಯಿಂದ ಬಂದ ಬಸ್ಸೊಂದು ಆಕೆಯ ಮುಂದೆ ಮಾರು ದೂರದಲ್ಲಿ ನಿಂತಿತು. ಕಿಟಕಿಯಿಂದ ಹೆಂಗಸೊಬ್ಬಳು ತಲೆ ಹೊರಹಾಕಿದಳು.

"ಯಾರ್ರಿ ಆಕಿ? ಏನ್ ಬೇಕಂತ ಆಕಿಗಿ?"

"ಯಾರಿಗ್ಗೊತ್ತ್ರಿ," ಎಂದ ಕಂಡಕ್ಟರ್.

ಡ್ರೈವರ್ ಒಮ್ಮೆ ಹಾರ್ನ್ ಒತ್ತಿದ. ಇನ್ನೊಮ್ಮೆ ಒತ್ತಿದ. ಆಮೇಲೆ ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ಕೈ ಮಡಚಿಟ್ಟು, ಆಕೆಯನ್ನೇ ನೋಡುತ್ತ ಕೂತ.