ಹಟ್ಟಿಯವರು ಬೇರೆ ಡೈರಿ ಕೇಳಿದ್ದು

ಊರಾಚೆಯ ಹಟ್ಟಿಯವರು ತಮಗೇ ಬೇರೆ ಹಾಲಿನ ಡೈರಿ ಬೇಕೆಂದು ಓಡಾಡುತ್ತಿದ್ದಾರೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ನಾನು ಯೋಚಿಸಿದ್ದು ಒಂದೇ: ಇವರ ಕಿವಿ ಊದಿದವರು ಯಾರು? ತಮ್ಮಷ್ಟಕ್ಕೆ ತಾವು ಇಂಥದ್ದನ್ನೆಲ್ಲ ಕೇಳುವ ಜನವಲ್ಲ ಅವರು. ನ್ಯಾಮತಿ ಸೀಮೆಯ ಈ ಊರಿನ ಡೈರಿಗೆ ನಾನು, ಮಹೇಶ್ವರಪ್ಪ, ಅಧ್ಯಕ್ಷ. ಹಟ್ಟಿಯ ಹಾಲು ನಿಂತರೆ ನಮ್ಮ ಕ್ಯಾನುಗಳು ಅರ್ಧವೂ ತುಂಬುವುದಿಲ್ಲ. ಹಾಲಿನ ಗಾಡಿ ನಮ್ಮೂರ ಕಡೆ ತಿರುಗುವುದೇ ಇಲ್ಲ. ಆಮೇಲೆ ಡೈರಿಗೆ ಬೀಗವೇ ಗತಿ.

ಅವರಿಗೆ ನಾವೇನು ಕಡಿಮೆ ಮಾಡಿದ್ದೆವು? ಊರ ಹಾಲು ಮೊದಲು, ಹಟ್ಟಿ ಹಾಲು ಆಮೇಲೆ. ಇದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಅವರು ಬೆಳಗ್ಗೆ ಎಷ್ಟು ಬೇಗ ಬಂದರೂ ಜಗಲಿ ಕೆಳಗೆ ನಿಂತಿರುತ್ತಾರೆ. ಬೇಸಿಗೆಯಲ್ಲಿ ಒಮ್ಮೊಮ್ಮೆ ನಿಂತಲ್ಲೇ ಅವರ ಹಾಲು ಒಡೆಯುತ್ತದೆ, ವಾಪಸ್ ಕಳಿಸುತ್ತೇವೆ. ಬಿಸಿಲನ್ನೇನು ನಾನು ತಂದಿದ್ದೆನೇ?

ನನ್ನ ಅನುಮಾನ ನೆಟ್ಟಗೆ ಹೋಗಿ ಕೂತದ್ದು ಹೈಸ್ಕೂಲಿನ ಕಲ್ಪನಾ ಮೇಡಂ ಮೇಲೆ. ಚನ್ನಗಿರಿ ಕತ್ತಲಗೆರೆ ಕಡೆಯವರು, ಸಮಾಜ ವಿಜ್ಞಾನ ಹೇಳುತ್ತಾರೆ. ಹಟ್ಟಿ ಮಕ್ಕಳು ಅವರೆಂದರೆ ಪ್ರಾಣ ಬಿಡುತ್ತವೆ. ಒಂದು ಸಂಜೆ ನಾನು ಊಟಕ್ಕೆ ಕೂತಿದ್ದಾಗ, ಅವರ ತರಗತಿಯಲ್ಲೇ ಓದುವ ಮೊಮ್ಮಗಳು ರೂಪಶ್ರೀ ಗಟ್ಟಿಯಾಗಿ ಓದುತ್ತಿದ್ದಳು: ವಸಾಹತುಗಳು ಸಾಮ್ರಾಜ್ಯಗಳ ಕೈಯಿಂದ ಬಿಡಿಸಿಕೊಂಡದ್ದು ಹೇಗೆ ಎಂಬ ಪಾಠ. ತಟ್ಟೆ ಸರಿಸಿ ಎದ್ದೆ.

ಮರುದಿನ ಬಿಸಿಯೂಟದ ಅಕ್ಕಿ ನೋಡುವ ನೆಪ ಹೇಳಿ ಶಾಲೆಗೆ ಹೋದವನು ತರಗತಿಯ ಕಿಟಕಿ ಪಕ್ಕ ನಿಂತೆ.

“ದೊಡ್ಡ ಯುದ್ಧ ಮುಗಿಯೋ ಹೊತ್ತಿಗೆ ಆಳೋರೇ ಸುಸ್ತಾಗಿದ್ರು,” ಎನ್ನುತ್ತಿದ್ದರು ಮೇಡಂ. “ನಮ್ಮ ದೇಶ ಬಿಡಿಸ್ಕೊಂತು. ಆಮೇಲೆ ಆಫ್ರಿಕಾದಲ್ಲಿ ಘಾನಾ, ಅದರ ಹಿಂದೆ ಇನ್ನೆಷ್ಟೋ. ಕೆಲವು ಕಡೆ ರಕ್ತ ಹರೀತು, ಕೆಲವು ಕಡೆ ಮಾತಲ್ಲೇ ಮುಗೀತು. ಆಳೋರಿಗೆ ಮಾತ್ರ ಕೊನೇವರೆಗೂ ಒಂದೇ ಅನುಮಾನ. ನಮ್ಮ ಕೈಕೆಳಗಿನ ಜನ ಒಳ್ಳೇರು, ಹೊರಗಿನೋರು ಯಾರೋ ಬಂದು ಕೆಡಿಸ್ತಾ ಅದಾರೆ ಅಂತ.”

ಮಕ್ಕಳು ನಕ್ಕವು. ಮೇಡಂ ಕಿಟಕಿಯ ಕಡೆ ನೋಡಿಯೇ ಆ ಮಾತು ಹೇಳಿದರೆಂದು ನನಗೆ ಈಗಲೂ ಅನುಮಾನ. ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವನೇ ಶಿಕ್ಷಣ ಇಲಾಖೆಗೆ ದೂರು ಬರೆದೆ. ಈ ಮೇಡಂ ಹಟ್ಟಿಯವರನ್ನು ಎತ್ತಿಕಟ್ಟುತ್ತಿದ್ದಾರೆ, ಜಗಳೂರಿನ ಆಚೆ ಎಲ್ಲಿಗಾದರೂ ವರ್ಗ ಮಾಡಿ ಎಂದು. ಅವರು ತೊಲಗಿದರೆ ಹಟ್ಟಿ ತಣ್ಣಗಾಗುತ್ತದೆ ಎಂಬುದು ನನ್ನ ಎಣಿಕೆ. ಸಾಕ್ಷಿಗೆ ಹಟ್ಟಿಯವರದೇ ಒಂದು ಸಹಿ ಬೇಕಿತ್ತು. ಅಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವ ಭೀಮಕ್ಕನ ಮನೆಗೆ ಹೋದೆ. ಅವಳು ಕುರ್ಚಿ ಒರೆಸಿ ಹಾಕಿದಳು.

“ಬ್ಯಾರೆ ಡೈರಿ ಅಂತ ನಿಮಗೆ ಹೇಳ್ಕೊಟ್ಟಿದ್ದು ಆ ಮೇಡಂ ತಾನೆ?” ಎಂದೆ. “ಹೆದರಬ್ಯಾಡ, ಹೇಳು.”

“ಮೇಡಮ್ಮೋರಾ? ಅವ್ರನ್ನ ನಾನು ಮಾತಾಡ್ಸೇ ಇಲ್ರೀ. ನೀವೇ ಅಲ್ಲೇನ್ರೀ ಹೇಳಿದ್ದು?”

“ನಾನಾ?”

“ದಿನಾ ಡೈರಿ ಜಗಲಿ ಮ್ಯಾಲೆ ಕುಂತು ಹೇಳ್ತಿದ್ರಲ್ರೀ ಅಧ್ಯಕ್ಷರೆ. ಸಣ್ಣ ಕೆಲ್ಸಕ್ಕೂ ಹೊನ್ನಾಳಿಗೆ ಹೋಗಿ ಕಾಯೋದೇ ಆಗಿತ್ತು, ಅದ್ಕೇ ಧರಣಿ ಕುಂತು ನ್ಯಾಮತಿ ತಾಲ್ಲೂಕು ಬ್ಯಾರೆ ಮಾಡಿಸ್ಕೊಂಡ್ವಿ ಅಂತ. ಅರ್ಜಿ ಹೆಂಗೆ ಕೊಟ್ರಿ, ಯಾರನ್ನ ಹೋಗಿ ಕಂಡ್ರಿ, ಎಲ್ಲಾ. ಊರ ಹಾಲು ಮುಗಿಯೋತಂಕ ನಾವು ಕೆಳಗೆ ನಿಂತಿರ್ತಿದ್ವಲ್ಲ, ಪೂರಾ ಕೇಳಿಸ್ಕೊಂಡ್ವಿ.”

ಸುಳ್ಳಲ್ಲ. ಆ ಹೋರಾಟದಲ್ಲಿ ನಾನೂ ಇದ್ದೆ, ಆ ಕಥೆ ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಡೈರಿ ಕೈತಪ್ಪುತ್ತದೆಂದು ಹೆದರಿಕೆಯಾಯಿತು. ದೂರನ್ನು ಜೇಬಿನಲ್ಲೇ ಮುದುಡಿದೆ.

“ಆತು ಬಿಡು,” ಎಂದೆ. “ನಾಳೆಯಿಂದ ಮೊದ್ಲು ಬಂದೋರ ಹಾಲೇ ಮೊದ್ಲು. ಬೇಕಾದ್ರೆ ದಿನಾ ನಿಮ್ದೇ ಮೊದ್ಲು ಹಾಕ್ರಿ. ಬ್ಯಾರೆ ಡೈರಿ ಮಾತು ಬಿಟ್ಟುಬಿಡ್ರಿ.”

ಭೀಮಕ್ಕ ತಲೆಯಾಡಿಸಿದಳು.

“ಇದನ್ನ ಹೋದ ಬ್ಯಾಸಿಗ್ಯಾಗೆ ಹೇಳಿದ್ರೆ ಕೇಳ್ತಿದ್ವೇನೋ. ಈಗ ಮಂಜೂರಾಗೈತ್ರೀ. ಸೋಮವಾರ ಪೂಜೆ. ನಾನೇ ನಿಮ್ಮನೆಗೆ ಬರಾಕೆ ಹೊಂಟಿದ್ದೆ.” ಒಳಗೆ ಹೋಗಿ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದಳು. “ಟೇಪು ನೀವೇ ಕತ್ತರಿಸ್ಬೇಕು. ಬ್ಯಾರೆ ಆಗೋದು ಹೆಂಗೆ ಅಂತ ತೋರ್ಸಿದ ದೊಡ್ಡೋರು ನಮಗೆ ನೀವೊಬ್ರೇ.”

ಅಣಕಿಸುತ್ತಿದ್ದಾಳೇನೋ ಎಂದು ಅವಳ ಮುಖವನ್ನೇ ದಿಟ್ಟಿಸಿದೆ. ಎಷ್ಟು ಹುಡುಕಿದರೂ ನಗುವಿನ ಸುಳಿವು ಸಿಗಲಿಲ್ಲ. ಭೀಮಕ್ಕ ಮನಸಾರೆ ಕರೆಯುತ್ತಿದ್ದಳು. ನಾನು ಕೈ ಚಾಚಿ ವೀಳ್ಯ ತೆಗೆದುಕೊಂಡೆ.