ಕಡಲೆ ಹುಳಿಯ ಗಂಟೆ

ನೀಲಗಂಗಮ್ಮನ ದನಿ ಹೋಗಿ ತಿಂಗಳಾಗಿತ್ತು. ಗಂಟಲ ಬ್ಯಾನಿ. ಒಂಬತ್ತು ವರ್ಷದ ಹುಡುಗಿ. ಉಸಿರು ಸಿಕ್ಕಿಕೊಂಡಾಗ ಯಾರಾದರೂ ಎತ್ತಿ ಕೂಡಿಸಿ ಬೆನ್ನು ನೀವಬೇಕು, ಇಲ್ಲದಿದ್ದರೆ ತುಟಿ ಕಪ್ಪಗಾಗುತ್ತಿತ್ತು. ತಾಯಿ ಇರಲಿಲ್ಲ. ಅಪ್ಪ ಸೂಗಪ್ಪನ ದುಡಿಮೆ ಕಲಬುರಗಿಯಲ್ಲಿ, ಕರೀಂಸಾಬರ ಬೆಳ್ಳಿ ಮುಲಾಮಿನ ಅಂಗಡಿಯಲ್ಲಿ, ತಾಮ್ರದ ಬಟ್ಟಲುಗಳಿಗೆ ಬಿಜಲಿಯಿಂದ ಬೆಳ್ಳಿಯ ಲೇಪ ಏರಿಸುವ ಕೆಲಸ. ಕಮಲಾಪುರದ ಮನೆಯಲ್ಲಿ ಮಗುವಿನ ಜೊತೆಗಿದ್ದವಳು ಅವನ ತಾಯಿ ಭಾಗಮ್ಮ. ಒಲೆ, ಎಮ್ಮೆ, ಬೀಸುವ ಕಲ್ಲು ಎಲ್ಲಾ ಹಿತ್ತಲಲ್ಲಿ. ಕೂಗಲಾರದ ಕೂಸು ಅಜ್ಜಿಯನ್ನು ಕರೆಯುವುದು ಹೇಗೆ?

ಕರೀಂಸಾಬರು ಹಳೆಯದೊಂದು ಬಿಜಲಿ ಗಂಟೆ ಕೊಟ್ಟರು. ಅದಕ್ಕೆ ಬಿಜಲಿ ಹುಟ್ಟಿಸಲು ತಾಮ್ರ, ಸತುವಿನ ತಗಡುಗಳನ್ನು ಕಟ್ಟಿಕೊಂಡ ಸೂಗಪ್ಪ, ಅವನ್ನು ಅದ್ದಲು ಅಂಗಡಿಯ ತೇಜಾಬಿನ, ಆ ಸುಡುವ ಆಮ್ಲದ, ಶೀಶೆಗೂ ಕೈ ಹಾಕಿದ.

“ತೇಜಾಬ್ ಒಯ್ಯಬ್ಯಾಡ. ಬಂಡ್ಯಾಗ ಶೀಶೆ ಒಡದ್ರ ಎತ್ತಿನ ಕಾಲು ಸುಡ್ತದ. ನಿಮ್ಮೂರಾಗ ಕಡ್ಲಿ ಹುಳಿ ಇಲ್ಲೇನು?”

“ಅದು ಹೊಟ್ಟೀಶೂಲಿ ಔಷಧರೀ, ಸಾಬ್.”

“ಹುಳಿ ಅಂದ್ರ ತೇಜಾಬಿನ ತಮ್ಮನೇ ಮಾರಾಯ. ಒಣಗಿದಾಗ ಸುಮ್ಮನ ಕುಂತಿರ್ತದ. ನೀರಿಗೆ ಬಿತ್ತಂದ್ರ ಒಡದು ಚೂರಾಗ್ತದ. ಆ ಚೂರುಗಳು ಈ ತಗಡಿನಿಂದ ಆ ತಗಡಿಗೆ ಬಿಜಲಿ ಹೊತ್ತು ಓಡಾಡ್ತಾವ.”

“ಹಮಾಲರಂಗ.”

“ನಿನಗಿಂತ ಚಲೋ ಹಮಾಲರು. ಬೀಡಿಗಂತ ಏಳೂದಿಲ್ಲ.”

ಊರಿಗೆ ಬಂದ ಸೂಗಪ್ಪ ರಾತ್ರಿ ಕಡಲೆ ಹೊಲದ ಮೇಲೆ ಧೋತರ ಹಾಸಿದ. ನಸುಕಿನಲ್ಲಿ ಇಬ್ಬನಿಯ ಜೊತೆ ಗಿಡದ ಹುಳಿಯೂ ಇಳಿದಿತ್ತು, ಹಿಂಡಿದ. ಬೆರಳಿನ ಸೀಳುಗಳು ಚುರುಗುಟ್ಟಿದವು. ಸಾಲಾಗಿ ಗಾಜಿನ ಬಟ್ಟಲಿಟ್ಟು ಹುಳಿ ಸುರಿದು, ಒಂದೊಂದರಲ್ಲೂ ತಾಮ್ರದ ತಗಡು, ಸತುವಿನ ತಗಡು ಇಳಿಬಿಟ್ಟು ತಂತಿ ಕಟ್ಟಿದ. ಮಗಳು ಹಾಸಿಗೆಯ ಪಕ್ಕದ ಹಲಗೆಗೆ ಜಡಿದ ಹಿತ್ತಾಳೆ ಪಟ್ಟಿ ಒತ್ತಿದಳು. ಹಿತ್ತಲಲ್ಲಿ ಗಂಟೆ ಕಿರ್ರೆಂದಿತು.

“ಎಲೆಲೇ, ತಾಲೂಕದಾರರ ಬೇಗಂ ಕರದಂಗ ಕರೀತಾಳಲ್ಲ!” ಅಂತ ಭಾಗಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಹುಡುಗಿ ದನಿಯಿಲ್ಲದೆ ನಕ್ಕು ನಕ್ಕು ಮತ್ತೆ ಒತ್ತಿದಳು.

ಬಂಡಿ ಹತ್ತುವಾಗ ಸೂಗಪ್ಪ ಹೇಳಿದ್ದು ಇಷ್ಟೇ: “ಅವ್ವಾ, ಹುಳಿ ಕೆಡದಂಗ ಜ್ವಾಪಾನ ಮಾಡು.”

ವಾರ ತುಂಬುವುದರೊಳಗೆ ಕಮಲಾಪುರದ ಬಂಡಿಯವನು ಅಂಗಡಿಯ ಮುಂದೆ ಬಂದು ತಲೆ ತಗ್ಗಿಸಿ ನಿಂತ.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಸೂಗಪ್ಪನ ಕಣ್ಣು ಬಟ್ಟಲುಗಳ ಮೇಲೆ ಬಿತ್ತು. ನೀರಿರಲಿಲ್ಲ. ಪ್ರತಿ ಬಟ್ಟಲಲ್ಲೂ ತಗಡುಗಳ ನಡುವೆ ಮಡಿಸಿದ ಅರಿವೆ, ಒಣಗಿ ಹಪ್ಪಳದಂತೆ ಸೆಟೆದಿತ್ತು.

“ನೀ ಹೇಳಿದಂಗ ಜ್ವಾಪಾನ ಮಾಡೀನಪ್ಪ,” ಅಂದಳು ಭಾಗಮ್ಮ. “ನೀರಾಗ ಬುರುಗು ಏಳಾಕತ್ತಿತ್ತು. ಕೆಡ್ತದಂತ ಅರಿವ್ಯಾಗ ಹೀರಿಸಿ ಬಿಸಲಿಗೆ ಒಣಗಿಸಿಟ್ಟೀನಿ. ನಮ್ಮತ್ತಿ ಹಂಗ ಇಡ್ತಿದ್ಲು, ವರ್ಷಗಟ್ಟಲೆ ಇರ್ತದ. ಒಂದು ಹನಿ ಹುಳಿ ಹೋಗಿಲ್ಲ ನೋಡು.”

ಹುಳಿ ಹೋಗಿರಲಿಲ್ಲ, ಖರೆ. ಹೋದದ್ದು ನೀರು; ಒಣಗಿದ ಹುಳಿ ಸುಮ್ಮನೆ ಕುಂತಿತ್ತು.

ಸೂಗಪ್ಪ ಹಾಸಿಗೆಯ ಬಳಿ ಕೂತ. ಹಿತ್ತಾಳೆ ಪಟ್ಟಿ ಹಲಗೆಗೆ ಬಾಗಿ ಅಂಟಿಕೊಂಡಿತ್ತು. ಅಷ್ಟು ಜೋರಾಗಿ, ಅಷ್ಟು ಹೊತ್ತು ಒತ್ತಿದ್ದಳು.

“ಅಲ್ಲೇ ಜ್ವಾಳ ಬೀಸಾಕತ್ತಿದ್ದೆ,” ಭಾಗಮ್ಮ ಹಿತ್ತಲ ಕಡೆ ಕೈ ಮಾಡಿದಳು. “ಕಲ್ಲಿನ ಸಪ್ಪಳಕ್ಕ ಕೇಳಿಸಲಿಕ್ಕಿಲ್ಲಂತ ನಡುನಡುವೆ ನಿಲ್ಲಿಸಿ ಕಿವಿಗೊಟ್ಟೆ. ಗಂಟಿ ಬಾರಿಸಲೇ ಇಲ್ಲ. ಯಾಕ ಕರೀಲಿಲ್ಲೋ ಸೂಗೂ? ನನ್ನ ಮ್ಯಾಲ ಸಿಟ್ಟಿತ್ತೇನು ಕೂಸಿಗೆ?”

ಸೂಗಪ್ಪ ಅವ್ವನ ಕಣ್ಣಿಗೆ ಬೀಳದಂತೆ ಪಟ್ಟಿಯ ಮೇಲೆ ಅಂಗೈ ಇಟ್ಟ.

“ಇಲ್ಲವ್ವ. ನಿದ್ದ್ಯಾಗ ಹೋಗ್ಯಾಳ.”

“ಎಚ್ಚರಿದ್ರ ಕರೀತಿದ್ಲು, ಹೌದಿಲ್ಲೋ?”

“ಹೌದು.”

“ಹಂಗಾರ ಸಂಕಟಾಗಿಲ್ಲ ಅಕಿಗೆ.”

“ಇಲ್ಲ.”

ಭಾಗಮ್ಮ ಆಗ ಬಾಯಿಬಿಟ್ಟು ಅತ್ತಳು. ಸೂಗಪ್ಪ ಅಂಗೈಯ ಅಡಿಯಲ್ಲೇ ಉಗುರು ಹಾಕಿ ಪಟ್ಟಿಯನ್ನು ಮೇಲೆತ್ತಲು ನೋಡುತ್ತಿದ್ದ. ಅದು ಏಳಲೊಲ್ಲದು.